ಸವತಿಕಡ್ಡಿ ಬೆಳೆದ ಜಾಗ

ಹಿತ್ತಲ ಬಾಗಿಲ ಹಿಂದೆ ನಿಲ್ಲಿಸಿದ್ದ ಪರಕೆಯನ್ನು ನನ್ನ ತಮ್ಮ ಒಂದು ಬೆಳಿಗ್ಗೆ ಪಡಸಾಲೆಗೆ ತಂದು, ಕಟ್ಟು ಬಿಚ್ಚಿ, ಕಡ್ಡಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತ. ಆಗ ಅವನು ಚಳ್ಳಕೆರೆಯ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದ. ಗಿಡಗಳ ಪಾಠವೆಂದರೆ ಅವನಿಗೆ ಪ್ರಾಣ, ಅದರಲ್ಲೂ ಹುಲ್ಲು. ಹೊಲದ ಬದುವಿನಲ್ಲಿ ನಡೆಯುವಾಗ ಅವನ ಕಣ್ಣು ಯಾವಾಗಲೂ ನೆಲದ ಮೇಲೇ ಇರುತ್ತಿತ್ತು. ಅಡುಗೆಮನೆಯಿಂದ ಅವ್ವ ಇಣುಕಿ ನೋಡಿ ಬೈಯತೊಡಗಿದಳು.

"ಲೇ, ಕಾಲೇಜಿಗೆ ಕಳ್ಸಿದ್ದು ಪರಕೆ ಬಿಚ್ಚೋಕೇನೋ? ಇವತ್ತು ಕಸ ಯಾತ್ರಲ್ಲಿ ಗುಡಿಸ್ಲಿ, ನಿನ್ನ ಗಡ್ಡದಾಗಾ?"

"ಸುಮ್ನಿರವ್ವಾ. ಇದ್ರಾಗೆ ಎರಡು ಜಾತಿ ಐತೆ."

"ಪರಕೇನೂ ಬಿಡ್ಲಿಲ್ಲ ನೋಡು, ಅದಕ್ಕೂ ಜಾತಿ ಕೇಳ್ತಾನೆ!"

ಅವನು ನಕ್ಕು ನನ್ನನ್ನು ಕರೆದ. ಎರಡು ಕಡ್ಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಒಂದು ಹಂಚಿಹುಲ್ಲಿನದು. ನಮ್ಮ ಕಡೆ ಪರಕೆ ಕಟ್ಟುವುದೆಲ್ಲ ಅದರಲ್ಲೇ. ದುಂಡಗೆ, ನುಣ್ಣಗೆ ಇರುತ್ತದೆ. ಇನ್ನೊಂದು ಹಾಗಿರಲಿಲ್ಲ. ಅದರ ಒಂದು ಮಗ್ಗುಲಲ್ಲಿ ಉದ್ದಕ್ಕೂ ಸಣ್ಣ ಗೀರು ಹೊಡೆದಂತೆ ತಗ್ಗು ಇತ್ತು. ಗೆಣ್ಣಿನ ಸುತ್ತ ಬಿಳಿ ಕೂದಲಿನ ಉಂಗುರವಿತ್ತು.

"ಇದು ಹಂಚಿ ಅಲ್ಲಕ್ಕ. ಪುಸ್ತಕದಾಗೆ ಹುಡುಕ್ದೆ, ನಮ್ಮ ಜಿಲ್ಲೆ ಪಟ್ಟಿಯಾಗೆ ಇಂಥದ್ದು ಕಾಣ್ತಿಲ್ಲ. ಈ ಪರಕೆ ಎಲ್ಲಿಂದ ತಗೊಂಡಿದ್ದು?"

ಅದು ಎಲ್ಲಿ ಬೆಳೆದದ್ದೆಂದು ನನಗೆ ಗೊತ್ತಿತ್ತು. ಕಿತ್ತವಳು ನಾನು, ಕಟ್ಟಿದವಳೂ ನಾನು. ಆದರೆ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು.

"ರಾಂಪುರದ ಕಡೆಯಿಂದ ಮಾರಾಕೆ ಬರ್ತಾಳಲ್ಲ, ಅವಳ ಹತ್ರ" ಎಂದೆ.

ಆ ಒಂದು ಮಾತಿಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೆ ಬಾಯಿಬಿಟ್ಟು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಈಗ ಕೇಳುವವರು ಯಾರೂ ಉಳಿದಿಲ್ಲ.

ನನ್ನನ್ನು ಮೊಳಕಾಲ್ಮುರು ಹತ್ತಿರದ ಒಂದು ಊರಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡನ ಮನೆಯವರು ಮಕ್ಕಳಾಗಲಿಲ್ಲವೆಂದು ತಂದು ಬಿಟ್ಟು ಹೋದರು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಶೇಂಗಾ ಬೆಳೆಯುವ ಹೊಲ, ಚಳ್ಳಕೆರೆಯಲ್ಲಿ ಸೋದರಮಾವನ ಎಣ್ಣೆ ಮಿಲ್ಲಿನಲ್ಲಿ ಒಂದು ಪಾಲು, ಊರಿನಲ್ಲಿ ಒಂದು ಹೆಸರು ಇವೆಲ್ಲವನ್ನೂ ಅವ್ವ ಒಬ್ಬಳೇ ಹಿಡಿದು ಕೂತಿದ್ದಳು. ಹೆಸರು ಅವಳಿಗೆ ಹೊಲಕ್ಕಿಂತ ದೊಡ್ಡದಾಗಿತ್ತು. ನಮ್ಮಂಥ ಮನೆಯ ಹೆಣ್ಣುಮಕ್ಕಳು ಸೌದೆಗೆ, ಹುಲ್ಲಿಗೆ ಹೋಗುವವರಲ್ಲ. ಗಂಡ ಬಿಟ್ಟ ಮೇಲಂತೂ ಬಾವಿಗೆ ಹೋದರೂ ಯಾರ ಜೊತೆ ಹೋದೆ, ಯಾರು ಸಿಕ್ಕರು ಎಂದು ಕೇಳುತ್ತಿದ್ದಳು. ಅವಳನ್ನು ಅಂದು ಪ್ರಯೋಜನವಿಲ್ಲ. ಊರ ಬಾಯಿ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ನನಗೆ ಬಿಟ್ಟಿದ್ದು ಸೋಮವಾರ ಒಂದೇ. ಊರ ಹೊರಗೆ, ಕುದಾಪುರದ ಕಡೆಗೆ ಹರಡಿಕೊಂಡಿದ್ದ ಕಾವಲಿನ ಅಂಚಿಗೆ ಒಂದು ಸಣ್ಣ ಬಸವಣ್ಣನ ಗುಡಿಯಿತ್ತು. ಸೋಮವಾರ ಅಲ್ಲಿಗೆ ಹೋಗಿ ಎಣ್ಣೆಬತ್ತಿ ಹಚ್ಚಿ ಬರುತ್ತೇನೆಂದರೆ ಅವ್ವ ಬೇಡ ಎನ್ನುತ್ತಿರಲಿಲ್ಲ. ಗುಡಿಯ ಹಿಂದಿನಿಂದಲೇ ಕಾವಲು ಶುರು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಅಲ್ಲಲ್ಲಿ ಒಂದೊಂದು ಜಾಲಿ, ದೂರದಲ್ಲಿ ಕುರಿಗಳು. ಕಾರ್ತಿಕದ ಹೊತ್ತಿಗೆ ಹಂಚಿ ಬಲಿತು ಕೆಂಪಗಾಗುತ್ತಿತ್ತು. ಆಗ ಊರಾಚೆಯ ಕೇರಿಯ ಹೆಂಗಸರು ಕಡ್ಡಿ ಕೀಳಲು ಬರುತ್ತಿದ್ದರು.

ಮೊದಲ ಸಲ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಅವರಲ್ಲಿ ಹಿರಿಯಳೊಬ್ಬಳು, ನಾನು ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ, ಸೊಂಟಕ್ಕೆ ಕೈಕೊಟ್ಟು ನಿಂತು, "ಏನ್ ತಾಯಿ, ಹಂಗೆ ನೋಡ್ತೀರಿ? ಸಾವ್ಕಾರ್ರ ಮಗಳ ಕೈ ಬಗ್ಗಲ್ವಾ?" ಎಂದಳು. ಉಳಿದವರು ನಕ್ಕರು. ನಾನು ಬಗ್ಗಿದೆ. ಅವತ್ತಿನಿಂದ ಎರಡು ವರ್ಷ, ಹಂಚಿ ಬಲಿಯುವ ಕಾಲದಲ್ಲಿ ಪ್ರತಿ ಸೋಮವಾರ ನಾನು ಅವರೊಂದಿಗೆ ಕಡ್ಡಿ ಕಿತ್ತಿದ್ದೇನೆ.

ಕೀಳುವುದಕ್ಕೆ ಒಂದು ಕ್ರಮವಿದೆ. ಕುಡುಗೋಲು ಹಾಕಬಾರದು, ಬುಡ ಸತ್ತರೆ ಮುಂದಿನ ವರ್ಷ ಕಡ್ಡಿ ಇಲ್ಲ. ತೆನೆಯ ಕೆಳಗೆ ಹಿಡಿದು ಮೆಲ್ಲಗೆ ಎಳೆದರೆ ಕಡ್ಡಿಯೊಂದೇ ಸುಳಿಯಿಂದ ಜಾರಿ ಬರುತ್ತದೆ. ಹಿಡಿ ತುಂಬಿದ ಕೂಡಲೇ ಹಾಸುಬಂಡೆಗೆ ಹೋಗಿ ತೆನೆಯ ಕಡೆಯನ್ನು ಬಡಿಯಬೇಕು. ತೆನೆಯಲ್ಲಿ ಸೂಜಿಯಂಥ ಮೀಸೆಗಳಿರುತ್ತವೆ. ಹಾಗೇ ಮನೆಗೆ ಒಯ್ದರೆ ಸೀರೆಗೆ, ಮೈಗೆ ಚುಚ್ಚಿಕೊಳ್ಳುತ್ತವೆ. ಬಡಿದು, ತಿರುವಿ, ಮತ್ತೆ ಬಡಿದು, ತೆನೆಯೆಲ್ಲ ಉದುರಿ ಒಂದು ಮೀಸೆಯೂ ಉಳಿಯದಂತೆ ಮಾಡಿಯೇ ಹೊರೆ ಕಟ್ಟುವುದು. ಬಡಿಯದ ಹಿಡಿಯನ್ನು ಯಾರೂ ಕೆಳಗಿಡುತ್ತಿರಲಿಲ್ಲ. ಹರಟೆ ಹೊಡೆಯುತ್ತಲೇ ಕೈ ತಾನಾಗಿ ಆ ಕೆಲಸ ಮಾಡುತ್ತಿತ್ತು.

ಬಂಡೆಯ ಪಡುವಣಕ್ಕೆ ಒಂದು ಇಳಿಜಾರು. ಅಲ್ಲಿ ಹಂಚಿಯ ಗುಂಪಿನ ನಡುವೆಯೇ ಬೇರೊಂದು ಹುಲ್ಲು ಏಳುತ್ತಿತ್ತು. ದೂರದಿಂದ ನೋಡಿದರೆ ಹಂಚಿಯೇ. ಅಜ್ಜಿ ಅದನ್ನು ಸವತಿಕಡ್ಡಿ ಎನ್ನುತ್ತಿದ್ದಳು.

"ಅವಳ ಮಗ್ಗುಲಾಗೇ ಬರ್ತಾಳೆ, ಅವಳಂಗೇ ಕಾಣ್ತಾಳೆ. ಮನೆಯಾಗೆ ಬಿಟ್ಕೊಂಡ್ರೆ ಒಂದು ತಿಂಗಳಿಗೆ ಕಟ್ಟು ಸಡಿಲ. ಕಿತ್ತು ಬಿಸಾಡು ತಾಯಿ."

ಆ ಕಡ್ಡಿ ಒಣಗಿದರೆ ಗೆಣ್ಣಿನಲ್ಲಿ ಪಟ್ಟೆಂದು ಮುರಿಯುತ್ತದೆ. ಅದಕ್ಕೇ ಅವರ ಪರಕೆಯಲ್ಲಿ ಅದು ಒಂದೂ ಇರುತ್ತಿರಲಿಲ್ಲ. ಬೆರಳು ಸೋಕಿದರೇ ಅವರಿಗೆ ತಿಳಿಯುತ್ತಿತ್ತು. ನನ್ನ ಕೈಗೆ ಅಷ್ಟು ಬುದ್ಧಿ ಬಂದಿರಲಿಲ್ಲ. ಅಜ್ಜಿ ಒಂದು ದಿನ ನನ್ನ ಕಡ್ಡಿಗಳನ್ನು ನನಗೇ ಕೊಟ್ಟು ಪರಕೆ ಕಟ್ಟಿಸಿದಳು. ಜೋಳ ಕೊಟ್ಟು ತಗೊಂಡೆ ಎಂದು ಅವ್ವನಿಗೆ ಹೇಳಿ ಅದನ್ನು ಮನೆಗೆ ತಂದಿದ್ದೆ. ತಮ್ಮ ಬಿಚ್ಚಿದ್ದು ಅದನ್ನೇ.

ಅವನು ಆ ಕಡ್ಡಿಯನ್ನು ಕಾಲೇಜಿನ ಮೇಷ್ಟ್ರಿಗೆ ತೋರಿಸಿದ. ಅವರು ಹುಲ್ಲುಗಳನ್ನೇ ಓದಿದ್ದ ದೊಡ್ಡವರೊಬ್ಬರಿಗೆ ಕಾಗದ ಬರೆದರು. ಬಂದ ಉತ್ತರವನ್ನು ತಮ್ಮ ನನಗೆ ಓದಿ ಹೇಳಿದ. ಬರೀ ಕಡ್ಡಿಯಿಂದ ಹುಲ್ಲಿನ ಗುರುತು ಹಿಡಿಯಲು ಆಗುವುದಿಲ್ಲ. ತೆನೆ ಬೇಕು, ಎಲೆ ಬೇಕು, ಬೇರು ಸಮೇತ ಬುಡ ಬೇಕು, ಸಿಕ್ಕ ಜಾಗವನ್ನು ಬರೆದಿರಬೇಕು. ಇಂಥದ್ದನ್ನು ಹುಡುಕಿ ತರುವ ಹುಡುಗನಾದರೆ ಬಯಲುಸೀಮೆಯ ಹುಲ್ಲುಗಳನ್ನು ಪಟ್ಟಿ ಮಾಡುವ ಕೆಲಸಕ್ಕೆ ಜೊತೆಯಾಗಿ ಇಟ್ಟುಕೊಳ್ಳಬಹುದು, ಮುಂದೆ ಓದಿಸಲೂಬಹುದು ಎಂದು ಬರೆದಿದ್ದರು.

ಅವ್ವನ ಲೆಕ್ಕ ಬೇರೆಯಿತ್ತು. ಡಿಗ್ರಿ ಮುಗಿದ ಮೇಲೆ ಅವನು ಮಾವನ ಮಿಲ್ಲಿಗೆ ಹೋಗಬೇಕು. ತಮ್ಮ ಬೇಡಿಕೊಂಡು ಒಂದು ವರ್ಷದ ಗಡುವು ಪಡೆದ. ಮುಂದಿನ ಸುಗ್ಗಿಯೊಳಗೆ ಹುಲ್ಲು ಸಿಕ್ಕರೆ ಅವನ ದಾರಿ ಅವನಿಗೆ, ಇಲ್ಲದಿದ್ದರೆ ಮಿಲ್ಲು.

ನನ್ನ ಮಾತು ನಂಬಿ ಅವನು ರಾಂಪುರದ ಸುತ್ತ ಅಲೆದ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಅಲ್ಲಿಂದ ಗುಡ್ಡ ಗುಡ್ಡ ತಿರುಗಿದ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಇಳಿದ. ಬೂಟಿನ ತಳ ಹರಿದುಕೊಂಡು, ಪ್ಯಾಂಟಿನ ತುಂಬ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದ. ನಾನು ಮುಳ್ಳು ಬಿಡಿಸಿಕೊಡುತ್ತಿದ್ದೆ. ಒಂದು ಸಂಜೆ ನಗುತ್ತಲೇ ಬಂದ.

"ಅಕ್ಕಾ, ರಾಂಪುರದ ಸಂತೆಯಾಗೆ ಪರಕೆ ಮಾರೋಳು ಸಿಕ್ಕಿದ್ಲು. ನಮ್ಮ ಕಡ್ಡಿ ತೋರ್ಸಿದೆ. 'ಎವರು ಕಟ್ಟಿನಾರಪ್ಪಾ ದೀನ್ನಿ?' ಇದನ್ನ ಯಾರಪ್ಪಾ ಕಟ್ಟಿದ್ದು ಅಂತ ತೆಲುಗಿನಾಗೆ ಕೇಳಿ ಬಿದ್ದೂ ಬಿದ್ದೂ ನಕ್ಕಳು. ಪರಕೆ ಕಟ್ಟೋರು ಯಾರೂ ಇದನ್ನ ಸೇರ್ಸಲ್ವಂತೆ. ಯಾರೋ ಕೆಲ್ಸ ಬರದೋಳು, ಉಂಡು ಮಲಗೋ ಮನೇಳು ಕಟ್ಟಿರ್ಬೇಕು ಅಂದ್ಲು."

ಅವ್ವನೂ ನಕ್ಕಳು. ನಾನು ಅವನ ಪ್ಯಾಂಟಿನ ಮುಳ್ಳು ಕೀಳುತ್ತ ತಲೆ ಎತ್ತಲಿಲ್ಲ. ಅದು ನಾನೇ ಕಣೋ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ನಗುವಿನಲ್ಲೇ ಮುಗಿದುಹೋಗುತ್ತಿತ್ತೋ ಏನೋ. ನನಗೆ ಮೊದಲು ಬಂದದ್ದು ಸಿಟ್ಟು: ನನ್ನ ಕೈಗೆ ಕೆಲಸ ಬರುವುದಿಲ್ಲವೆಂದು ಯಾವಳೋ ಅಂದಳಲ್ಲ ಎಂದು. ಆಮೇಲೆ ಹೆದರಿಕೆ. ಸೋಮವಾರ ಗುಡಿಗೆಂದು ಹೋದವಳು ಎರಡು ವರ್ಷ ಕಾವಲಿನಲ್ಲಿ ಏನು ಮಾಡುತ್ತಿದ್ದೆ ಎಂದು ಅವ್ವ ಕೇಳುತ್ತಾಳೆ. ಕಡ್ಡಿ ಕೀಳುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ಮಕ್ಕಳಾಗಲಿಲ್ಲವೆಂದು ಬಿಟ್ಟವರು, ನಾವು ಬಿಟ್ಟಿದ್ದು ಇದಕ್ಕೇ ಎಂದು ಹೇಳಿಕೊಂಡು ತಿರುಗುವುದಿಲ್ಲವೇ? ಹೀಗೆ ಯೋಚಿಸಿ ಬಾಯಿ ಮುಚ್ಚಿಕೊಂಡೆ. ಆ ವರ್ಷದ ತೆನೆ ಉದುರಿ ಹೋಯಿತು.

ಆ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ನನಗೆ ಹೋಗಿ ನೋಡಲೂ ಆಗಲಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ನಿರ್ಧಾರ ಮಾಡಿಕೊಂಡೆ. ನಾನೇ ಹೋಗಿ ಸವತಿಕಡ್ಡಿ ತರುವುದು. ಯಾರೋ ಹೆಂಗಸರು ಕೊಟ್ಟರು ಎಂದು ತಮ್ಮನ ಕೈಗೆ ಕೊಡುವುದು. ಹಾಗೆ ಮಾಡಿದರೆ ಅವನಿಗೆ ಹುಲ್ಲೂ ಸಿಗುತ್ತದೆ, ನನ್ನ ಮಾತೂ ಉಳಿಯುತ್ತದೆ. ಇನ್ನೂ ಹೂವು ಸರಿಯಾಗಿ ಬಿಡಲಿ ಎಂದು ಒಂದು ಸೋಮವಾರ ಕಾದೆ. ಇನ್ನೊಂದು ಸೋಮವಾರ ಮನೆಗೆ ನೆಂಟರು ಬಂದರು. ಮೂರನೆಯ ಸೋಮವಾರ ಗುಡಿಯ ಹಿಂದೆ ಹೋದಾಗ ಇಳಿಜಾರಿನ ತುಂಬ ಉದ್ದುದ್ದ ಕಾಲುವೆ ತೋಡಿದ್ದರು. ಗಿಡ ನೆಡುವುದಕ್ಕಂತೆ. ತೋಡಿದ ಕೆಮ್ಮಣ್ಣು ಹುಲ್ಲಿನ ಮೇಲೆ ಬಿದ್ದಿತ್ತು. ಮಣ್ಣಿನೊಳಗಿಂದ ಅಲ್ಲಲ್ಲಿ ಹಂಚಿಯ ತೆನೆ ಹೊರಗೆ ಚಾಚಿತ್ತು. ಸವತಿಕಡ್ಡಿ ಒಂದೂ ಕಾಣಲಿಲ್ಲ.

ಮಂಡಿಯೂರಿ ಹುಡುಕಿದೆ. ಮಣ್ಣು ಬಗೆದೆ. ಕೊನೆಗೆ ಎರಡು ಕಾಲುವೆಗಳ ನಡುವೆ ಉಳಿದ ದಿಬ್ಬದ ಮೇಲೆ ಒಂದು ಗುಂಪು ಸಿಕ್ಕಿತು, ಹಂಚಿಯೊಂದಿಗೆ ಹೆಣೆದುಕೊಂಡು. ಅದರ ಗೆಣ್ಣನ್ನು ಬೆರಳಿನಿಂದ ಸವರಿ ನೋಡಿದೆ. ಕೂದಲಿನ ಉಂಗುರವಿತ್ತು. ತೆನೆಯೂ ಇತ್ತು, ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿದ ತೆನೆ. ಅಷ್ಟರಲ್ಲಿ ಆಚೆ ಬದಿಯಲ್ಲಿ ಗಂಡಸರ ಮಾತು ಕೇಳಿಸಿತು. ಕಾಲುವೆ ತೋಡುವವರು ಊಟ ಮುಗಿಸಿ ಬರುತ್ತಿದ್ದರು. ನನ್ನನ್ನು ಯಾರೂ ಅಲ್ಲಿ ನೋಡಬಾರದಿತ್ತು. ಬುಡ ಅಗೆಯಲು ಹೊತ್ತಿರಲಿಲ್ಲ, ಒಂದೊಂದು ಕಡ್ಡಿಯನ್ನೂ ಸರಸರನೆ ಎಳೆದೆ. ಹಿಡಿ ತುಂಬಿತು. ಕಾಲು ಬಂಡೆಯ ಕಡೆ ಓಡಿತು.

ಬಂಡೆಗೆ ಬಡಿದೆ. ತಿರುವಿದೆ. ಮತ್ತೆ ಬಡಿದೆ.

ಹಿಡಿ ತುಂಬಿದರೆ ಬಡಿಯುವುದು ಎಂದಷ್ಟೇ ನನ್ನ ಕೈಗೆ ಗೊತ್ತಿತ್ತು. ಮನಸ್ಸೆಲ್ಲ ಆ ಗಂಡಸರ ಮಾತಿನ ಕಡೆಗಿತ್ತು. ಗಾಳಿ ಜೋರಾಗಿತ್ತು. ಮೀಸೆಗಳು ಬಂಡೆಯ ಮೇಲಿಂದ ಹಾರಿ ಹೋದವು. ನುಣ್ಣಗಾದ ಕಡ್ಡಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಊರ ಕಡೆ ಅರ್ಧ ದಾರಿ ಬಂದ ಮೇಲೆ ಬಿಚ್ಚಿ ನೋಡಿದೆ. ಆಗ ತಿಳಿಯಿತು. ಓಡುತ್ತ ವಾಪಸ್ಸು ಹೋದೆ. ದಿಬ್ಬದ ಮೇಲೆ ಗುದ್ದಲಿ ಬಿದ್ದಾಗಿತ್ತು.

ಮನೆಗೆ ಬಂದಾಗ ಅವ್ವ ಮಿಲ್ಲಿಗೆಂದು ಚಳ್ಳಕೆರೆಗೆ ಹೋಗಿದ್ದಳು. ತಮ್ಮ ಹಟ್ಟಿಯಂಗಳದಲ್ಲಿ ಕೂತಿದ್ದ. ಅವನ ಮುಂದೆ ಸೆರಗು ಬಿಚ್ಚಿದೆ. ಗೆಣ್ಣು ನೋಡಿದ ಕೂಡಲೇ ಅವನ ಮುಖ ಅರಳಿತು. ಆಮೇಲೆ ತುದಿಗಳನ್ನು ನೋಡಿದ.

"ತೆನೆ ಎಲ್ಲಕ್ಕ?"

"ಬಡಿದುಬಿಟ್ಟೆ."

"ಬಡಿದೆಯಾ? ಯಾಕೆ?"

ಎಲ್ಲವನ್ನೂ ಹೇಳಿದೆ. ಸೋಮವಾರಗಳನ್ನು, ಅಜ್ಜಿಯನ್ನು, ಪರಕೆಯನ್ನು, ರಾಂಪುರದ ಸುಳ್ಳನ್ನು. ಅವನು ತಡೆಯದೆ ಕೇಳಿದ. ಒಂದು ವರ್ಷ ಅವನನ್ನು ಗುಡ್ಡ ಹತ್ತಿಸಿ ಇಳಿಸಿದವಳು ನಾನು. ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಹಿಡಿಯ ನಡುವೆ ಸಿಕ್ಕಿಕೊಂಡಿದ್ದ ಎರಡು ತುದಿಗಳಲ್ಲಿ ತೆನೆಯ ಚೂರು ಉಳಿದಿತ್ತು. ಅದನ್ನು ಅವನು ಅಂಗೈ ಮೇಲೆ ಇಟ್ಟುಕೊಂಡ.

"ಇಷ್ಟಾದ್ರೂ ಐತೆ. ಇಷ್ಟಾದ್ರೂ ಐತಕ್ಕ."

ಹಳೆಯ ಪೇಪರಿನ ನಡುವೆ ಅದನ್ನು ಒತ್ತಿಟ್ಟು, ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿದ. ಈ ನಡುವೆ ತಾನೇ ಇಳಿಜಾರಿಗೆ ಹೋಗಿ ಹುಡುಕಿದ, ಮಗುಚಿದ ಮಣ್ಣಿನಲ್ಲಿ ಒಂದು ಬುಡವೂ ಕಣ್ಣಿಗೆ ಬೀಳಲಿಲ್ಲ. ಮೇಷ್ಟ್ರು ಅದನ್ನು ಕಳಿಸಿಕೊಟ್ಟರು. ಕಾಯುತ್ತಿದ್ದ ಆ ದಿನಗಳಲ್ಲಿ ಅವನು ಊಟಕ್ಕೆ ಕೂತರೂ ಅಂಚೆಯವನ ಸೈಕಲ್ಲಿನ ಸದ್ದಿಗೆ ಕಿವಿ ಕೊಡುತ್ತಿದ್ದ. ಉತ್ತರ ಬಂತು. ಇದು ಈ ಸೀಮೆಯಲ್ಲಿ ಕಂಡದ್ದೆಂದು ಯಾರೂ ಬರೆಯದ ಹುಲ್ಲು ಇರಬಹುದು, ಇಲ್ಲದೆಯೂ ಇರಬಹುದು. ಇಷ್ಟೇ ತೆನೆಯಿಂದ ಹೇಳಲಾಗದು. ಬೆಳೆದ ಜಾಗವನ್ನೂ ಕಿತ್ತವರ ಹೆಸರನ್ನೂ ಬರೆದು ಕಳಿಸಿದರೆ ನಾವೇ ಬಂದು ಆ ಜಾಗ ನೋಡುತ್ತೇವೆ. ಮಣ್ಣಿನಲ್ಲಿ ಬೇರು, ಬೀಜ ಉಳಿದಿರಬಹುದು. ಕಿತ್ತವರನ್ನು ಕೇಳಿದರೆ ಇನ್ನೂ ತಿಳಿಯಬಹುದು ಎಂದು ಬರೆದಿದ್ದರು.

ತಮ್ಮ ಆ ಹಾಳೆಗೆ ಅಂಟಿಸಬೇಕಾದ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅದರಲ್ಲಿ ಜಾಗಕ್ಕೊಂದು, ಕಿತ್ತವರ ಹೆಸರಿಗೊಂದು ಎಂದು ಎರಡು ಸಾಲು ಖಾಲಿ ಬಿಟ್ಟಿದ್ದ.

"ಬರೀಲಾ ಅಕ್ಕ?"

ನನಗೆ ಕಂಡದ್ದು ಇಷ್ಟು: ದೊಡ್ಡವರು ಜೀಪಿನಲ್ಲಿ ಊರಿಗೆ ಬರುತ್ತಾರೆ. ಬಸವಣ್ಣನ ಗುಡಿ ಎಲ್ಲಿ ಎಂದು ಕೇಳುತ್ತಾರೆ. ನನ್ನ ಹೆಸರು ಹಿಡಿದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತವರೆಲ್ಲ ಕಿವಿ ನೆಟ್ಟಗೆ ಮಾಡುತ್ತಾರೆ. ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ.

"ಬೇಡ ಕಣೋ" ಎಂದೆ. "ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಹೆಸ್ರು ಬೇಡ, ಜಾಗಾನೂ ಬೇಡ. ಅವ್ವಂಗೆ ಗೊತ್ತಾದ್ರೆ ನಾನು ಬಾವಿ ನೋಡ್ಕೊಬೇಕಾಗ್ತೈತೆ."

"ನಿನ್ನ ಹೆಸ್ರು ಬಿಡ್ತೀನಿ. ಜಾಗ ಒಂದು ಬರೀತೀನಿ, ನಾನೇ ಕಿತ್ತೆ ಅಂತೀನಿ."

"ನೀನು ಆ ಹುಲ್ಲು ನಿಂತಿದ್ದನ್ನ ನೋಡೇ ಇಲ್ಲ. ಅವ್ರು ಬಂದು ನಾಲ್ಕು ಮಾತು ಕೇಳಿದ್ರೆ ಗೊತ್ತಾಗಲ್ವೇನೋ? ಆಮೇಲೆ ಎಲ್ಲಾ ನನ್ನ ಹತ್ರಕ್ಕೇ ಬರ್ತೈತೆ."

ಅವನು ನನ್ನ ಮುಖ ನೋಡಿದ. ನಾನು ಮುಖ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ. ಬೇಡುವವಳ ಮುಖವನ್ನೇ ಇಟ್ಟುಕೊಂಡು ನಿಂತಿದ್ದೆ. ನಾನು ಹಾಗೆ ನಿಂತರೆ ಅವನು ಮೀರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನು ಜೇಬಿನಿಂದ ಪೆನ್ನು ತೆಗೆದು ಮೊದಲ ಸಾಲಿನಲ್ಲಿ 'ತಿಳಿದಿಲ್ಲ' ಎಂದು ಬರೆದ. ಎರಡನೆಯದರಲ್ಲಿ 'ಮಾರುಕಟ್ಟೆಯಲ್ಲಿ ಕೊಂಡ ಪರಕೆಯಿಂದ' ಎಂದು ಬರೆದ. ಬರೆದಾದ ಮೇಲೆ ನನಗೆ ಓದಿ ಹೇಳಿದ. ನಾನು ತಲೆಯಾಡಿಸಿದೆ.

ಮೇಷ್ಟ್ರಿಗೆ ಅದು ಸರಿಕಾಣಲಿಲ್ಲ. ಒಣ ಪರಕೆಯಲ್ಲಿ ಹಸಿ ತೆನೆ ಹೇಗೆ ಬಂತು ಎಂದು ಕೇಳಿದರಂತೆ. ತಮ್ಮ ಸುಮ್ಮನಿದ್ದನಂತೆ. ದೊಡ್ಡವರಿಂದ ಮತ್ತೆ ಕಾಗದ ಬರಲಿಲ್ಲ. ಜಾಗ ತಿಳಿಯದ ಹಾಳೆ ಅವರ ಕೆಲಸಕ್ಕೆ ಬರುವುದಿಲ್ಲ. ಸುಳ್ಳು ಹೇಳುವ ಹುಡುಗನಂತೂ ಬರುವುದೇ ಇಲ್ಲ. ಮೇಷ್ಟ್ರು ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲವಾದರೂ ಆಮೇಲೆ ತಮ್ಮನನ್ನು ಮನೆಗೆ ಕರೆಯುವುದನ್ನು ಬಿಟ್ಟರು. ಸುಗ್ಗಿ ಮುಗಿಯಿತು. ತಮ್ಮ ಮಿಲ್ಲಿಗೆ ಹೋದ. ಮೊದಮೊದಲು ಸಂಜೆ ಮನೆಗೆ ಬಂದರೆ ಮೈಯೆಲ್ಲ ಶೇಂಗಾ ಹಿಂಡಿಯ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ. ಕೆಲವು ತಿಂಗಳಾದ ಮೇಲೆ ಅದನ್ನೂ ಹೇಳುವುದನ್ನು ಬಿಟ್ಟ. ಹುಲ್ಲಿನ ಪುಸ್ತಕಗಳನ್ನು ಯಾರಿಗೆ ಕೊಟ್ಟನೋ ಗೊತ್ತಿಲ್ಲ. ಒಂದು ದಿನ ಗೂಡು ಖಾಲಿಯಿತ್ತು.

ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನೂ ಅವನೂ ಒಂದೇ ಮನೆಯಲ್ಲಿ ಆ ವಿಷಯ ಎತ್ತದೆ ಬದುಕಿದೆವು. ನೆಟ್ಟ ಗಿಡಗಳಲ್ಲಿ ಅರ್ಧ ಒಣಗಿದವು. ಆಮೇಲೆ ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಜಾಗ ಗುರುತು ಮಾಡಿ ಗೋಡೆ ಎಬ್ಬಿಸಿದರು. ಗುಡಿಯ ಹಿಂದಿನ ಇಳಿಜಾರು, ಬಂಡೆ ಎಲ್ಲವೂ ಗೋಡೆಯ ಒಳಗೆ ಹೋದವು. ಕೇರಿಯ ಹೆಂಗಸರು ಪ್ಲಾಸ್ಟಿಕ್ ಪರಕೆ ತಂದು ಮಾರತೊಡಗಿದರು. ಆ ಹೊತ್ತಿಗೇ ಅವ್ವ ಹಾಸಿಗೆ ಹಿಡಿದು, ಒಂದು ವರ್ಷ ನರಳಿ ಹೋದಳು.

ಅವ್ವನ ತಿಥಿ ಕಳೆದ ಮೇಲೆ ನಾನು ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಚಳ್ಳಕೆರೆಯ ಮಿಲ್ಲಿಗೆ ಹೋದೆ. ತಮ್ಮ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆ ಆಗಲೇ ನರೆಯತೊಡಗಿತ್ತು. ಅವನು ಉಂಡು ಕೈ ತೊಳೆಯುವವರೆಗೆ ಕಾದೆ.

"ಈಗ ಹೇಳ್ಬಿಡೋಣ ಕಣೋ" ಎಂದೆ. "ಅವ್ವ ಇಲ್ಲ. ಇನ್ನು ನನಗೆ ಯಾರ ಹೆದ್ರಿಕೆ? ಆ ಮೇಷ್ಟ್ರಿಗೆ ಕಾಗದ ಬರಿ. ಜಾಗ ಬರಿ. ಕಿತ್ತೋಳು ನಾನು ಅಂತ ಬರಿ. ನೀನು ಸುಳ್ಳು ಬರೆದಿದ್ದು ನನಗೋಸ್ಕರ ಅಂತಾನಾದ್ರೂ ಗೊತ್ತಾಗ್ಲಿ."

"ಮೇಷ್ಟ್ರು ಹೋಗಿ ಮೂರು ವರ್ಷ ಆತು ಅಕ್ಕ."

ನನಗೆ ಗೊತ್ತಿರಲಿಲ್ಲ. ಅವನು ಹೋಗಿ ಮಣ್ಣು ಹಾಕಿ ಬಂದಿದ್ದನಂತೆ, ಮನೆಯಲ್ಲಿ ಹೇಳಿರಲಿಲ್ಲ.

"ಆ ದೊಡ್ಡೋರು?"

"ಅವ್ರೆಲ್ಲಿದಾರೋ. ಇದ್ರೂ ಜಾಗ ಹೇಳಿದ್ರೆ ಬಂದು ನೋಡ್ಬೇಕಲ್ಲ. ಎಲ್ಲಿ ನೋಡ್ತಾರೆ? ಗೋಡೆ ನೋಡ್ತಾರಾ?"

ಅವನ ದನಿಯಲ್ಲಿ ನನ್ನನ್ನು ಚುಚ್ಚುವ ಉದ್ದೇಶವಿರಲಿಲ್ಲ. ಚುಚ್ಚಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ನಾನು ಬುತ್ತಿಯ ಡಬ್ಬಿ ಮುಚ್ಚುತ್ತ, ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ.

"ಅದು ನಿಜವಾಗ್ಲೂ ಬೇರೆ ಹುಲ್ಲೇನೋ? ಯಾರೂ ಕಾಣದ್ದು?"

ಒಂದು ಕ್ಷಣ ಅವನ ಕಣ್ಣಲ್ಲಿ ಪಡಸಾಲೆಯಲ್ಲಿ ಕಡ್ಡಿ ಹರಡಿಕೊಂಡು ಕೂತಿದ್ದ ಹುಡುಗ ಕಾಣುತ್ತಾನೇನೋ ಎಂದು ನೋಡಿದೆ. ಕಾಣಲಿಲ್ಲ.

"ಗೊತ್ತಿಲ್ಲಕ್ಕ" ಎಂದ. "ಇನ್ನು ಗೊತ್ತಾಗಲ್ಲ."

ಹೊರಗೆ ಶೇಂಗಾ ತುಂಬಿದ ಲಾರಿ ಬಂದು ಹಾರ್ನ್ ಹಾಕಿತು. ಅವನು ಎದ್ದು ಹೋದ. ನಾನು ಮೂರು ಗಂಟೆಯ ಬಸ್ಸಿಗೆ ಊರಿಗೆ ಬಂದೆ.